ಉಗುರುಬಣ್ಣದ ಮೊಹರು

ಮೂರು ಸಾವಿರ ವ್ಯಾಟ್ ಅಂತ ಬರೆದಿದೆ ಡಬ್ಬದ ಮೇಲೆ,
ಬೆಂಕಿಯ ಚಿತ್ರದ ಪಕ್ಕ.
ಮುರಿಯುಕಿ ಅದನ್ನು ಎದೆಗವಚಿ ತಂದಿದ್ದಾನೆ,
ಆಸ್ಪತ್ರೆಯಿಂದ ಕೂಸನ್ನು ತರುವ ಹಾಗೆ.
ನೈರೋಬಿಯ ಗ್ಯಾರೇಜು ಬೀದಿ. ಎಣ್ಣೆ ಕುಡಿದ ಮಣ್ಣು.
ಅವನ ಮಟಾಟು ನಿಂತಿದೆ ಹಿಂದಿನ ಸೀಟು ಬಿಚ್ಚಿಕೊಂಡು,
ಹೊಟ್ಟೆ ಸೀಳಿದ ಮೀನು.

ನ್ಯಾಗೂಥಿ ಡಬ್ಬ ತಿರುಗಿಸುತ್ತಾಳೆ.
ನಿಜ ಇರುವುದು ತಳದಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ:
ಎರಡು ಓಮಿಗೆ ಆರುನೂರು. ಅದಕ್ಕಿಂತ ಕೆಳಗಿಳಿಸಬೇಡಿ.
‘ಆರುನೂರಾ? ಉಳಿದದ್ದೆಲ್ಲಿ?’
‘ಬೆಂಕಿಯ ಚಿತ್ರಕ್ಕೆ ಹೋಯಿತು.’

ವೂಫರ್ ಎರಡು, ಒಂದೊಂದರಲ್ಲೂ ಎರಡು ಸುರುಳಿ.
ಮೀಟರಿನ ಕಡ್ಡಿ ಮುಟ್ಟಿಸುತ್ತಾಳೆ:
ಮೂರೂವರೆ, ಮೂರೂವರೆ, ಮೂರು ಮುಕ್ಕಾಲು.
ಅಂದರೆ ನಾಲ್ಕು ಅಂತಲೇ ಹಿಡಿ.
ಎಲ್ಲವನ್ನೂ ಅಕ್ಕಪಕ್ಕ ಕಟ್ಟಿದರೆ ಒಂದೇ ಓಮು,
ಅಗುಳಿಯಿಲ್ಲದ ಬಾಗಿಲು.
ಆ್ಯಂಪು ಏದುಸಿರು ಬಿಟ್ಟು, ಕೆಂಪು ದೀಪ ಹಚ್ಚಿ
ನಡುರಸ್ತೆಯಲ್ಲಿ ಮೂಕಾಗುತ್ತದೆ.
ಒಂದರ ಹಿಂದೊಂದು ಪೋಣಿಸಿ, ಆಮೇಲೆ ಜೋಡಿಗೆ ಜೋಡಿ ಕಟ್ಟಿದರೆ
ನಾಲ್ಕು; ಆಗ ಸಿಗುವುದು ಮುನ್ನೂರು ಚಿಲ್ಲರೆ.
ನಡುವಿನ ಎರಡು
ಈ ಸುರುಳಿಗಳ ಹಣೆಯಲ್ಲಿ ಬರೆದಿಲ್ಲ.
ಇದು ಏರಿಗೆ ಎಳೆದರೆ ಅದು ನೀರಿಗೆ:
ಅಂಗಡಿಯವನು ಇಬ್ಬರನ್ನೂ ಕೇಳದೆ ಮದುವೆ ಮಾಡಿಸಿದ್ದಾನೆ.

‘ಅರ್ಧಕ್ಕರ್ಧ ನಷ್ಟ!’
‘ಕಿವಿಗೆ ಲೆಕ್ಕ ಬರಲ್ಲ ಮುರಿಯುಕಿ.
ವ್ಯಾಟು ಅರ್ಧವಾದರೆ ಕಿವಿಗೆ ಅನ್ನಿಸೋದು,
ಯಾರೋ ಕಿಟಕಿ ಒಂದಿಷ್ಟು ಎಳೆದರು ಅಂತ.
ಅಷ್ಟೇ.’

ಅವಳು ಹೇಳದೆ ಬಿಟ್ಟದ್ದು:
ಏಳು ವರ್ಷದ ಹಿಂದೆ, ಮೊದಲ ಕೆಲಸ,
ಗಿರಾಕಿ ಕೇಳಿದಷ್ಟೂ ತಿರುಗಿಸಿಕೊಟ್ಟಿದ್ದಳು.
ಅಲೆಯ ನೆತ್ತಿ ತಟ್ಟೆಯಾಗಿ, ಸುರುಳಿ ಕಾದು ಕಾದು,
ವಾರ್ನಿಷು ಸುಟ್ಟ ನಾತ ಎರಡು ದಿನ
ತಲೆಗೂದಲಲ್ಲೇ ಇತ್ತು.

ಸ್ಕ್ರೂಡ್ರೈವರ್ ಇಟ್ಟು ತಿರುಗಿಸುತ್ತಾಳೆ,
ದನಿ ಒಡೆಯುವವರೆಗೆ; ಅಲ್ಲಿಂದ ಕೂದಲೆಳೆ ಹಿಂದಕ್ಕೆ.
ಹಾಡು ಮೊದಲು ಪಾದಕ್ಕೆ ಕೇಳಿಸುತ್ತದೆ.
ಪಕ್ಕದ ಗೂಡಂಗಡಿಯ ಚಹಾದಲ್ಲಿ ಬಳೆ ಬಳೆ,
ಟೈರಿಗೆ ತೇಪೆ ಹಾಕುವ ಮುದುಕ ತಲೆಯೆತ್ತದೆ
ಸುತ್ತಿಗೆಯ ಪೆಟ್ಟನ್ನು ತಾಳಕ್ಕೆ ಹೊಂದಿಸಿಕೊಳ್ಳುತ್ತಾನೆ.
ಮುರಿಯುಕಿ ಅರ್ಧದ ಮಾತು ಮರೆತಿದ್ದಾನೆ.
ಚೀಲದಿಂದ ಉಗುರುಬಣ್ಣ ತೆಗೆದು
ಸ್ಕ್ರೂವಿನ ತಲೆಗೆ ಒಂದು ಹನಿ, ಇಟ್ಟಿಗೆಗೆಂಪು:
‘ಇದು ಒಡೆದರೆ ನನ್ನ ಹತ್ತಿರ ಬರಬೇಡ.’

ಮೂರು ವಾರಕ್ಕೆ ಬಂದ.
ವೂಫರ್ ಯಾಕೋ ಗೊರಗೊರ ಅನ್ನುತ್ತದಂತೆ.
‘ಮುಟ್ಟಿಲ್ಲ, ನೋಡು ಬೇಕಾದರೆ, ಮೊಹರು ಹಾಗೇ ಇದೆ.’
ಬಗ್ಗಿ ನೋಡಿದಳು.
ಹೌದು, ಹಾಗೇ ಇದೆ. ಹನಿ, ಹೊಳಪು, ಎಲ್ಲ.
ಬಣ್ಣ ಮಾತ್ರ ಗುಲಾಬಿ.

ಕಂಡಕ್ಟರ್ ಹುಡುಗ ಬರಾಸಾ
ಬಾಗಿಲಿಗೆ ಜೋತುಬಿದ್ದು ಆಕಾಶ ನೋಡುತ್ತಿದ್ದ,
ಕಿರುಬೆರಳು ಮಡಚಿಕೊಂಡು.