ಯಾರ ಥ್ರೋ

ಮಾರ್ಚಿ ಬಂದರೆ, ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿಗೂ ಮೊದಲು
ಬೀರೂರಿಗೆ ಮೂರು ಬೈಕು ಬರುತ್ತವೆ.
ಕಡೂರು ಕಾಲೇಜಿನದೊಂದು, ತರೀಕೆರೆಯದೊಂದು,
ಚಿಕ್ಕಮಗಳೂರಿನದು ಬುಲೆಟ್ಟು,
ಗೂಡ್ಸ್ ಶೆಡ್ಡಿನ ತಿರುವಿನಲ್ಲೇ ಅದರ ಸದ್ದು ಗೊತ್ತಾಗುತ್ತದೆ.
ಇಳಿದವರೇ "ನಮಸ್ಕಾರ ಪೀಟಿ ಮೇಷ್ಟ್ರೇ" ಅನ್ನುತ್ತಾರೆ,
ನೋಡುವುದು ಮಾತ್ರ ನನ್ನ ಹೆಗಲಾಚೆಯ ಮೈದಾನ.
ಹಲ್ಲು ಎಣಿಸಿ ಹೋರಿ ಕೊಳ್ಳುವವರ ಹಾಗೆ
ಮೊಣಕಾಲು, ಮೀನಖಂಡ, ಹಿಮ್ಮಡಿ.

ಮೈದಾನ ಅಂದೆ, ಅಷ್ಟೇ.
ಒಂದು ಕಡೆ ರೈಲ್ವೆ ಕಂಪೌಂಡು,
ಇನ್ನೊಂದು ಕಡೆ ಕೊಬ್ಬರಿ ಒಣಹಾಕುವ ಕಣ,
ಪೆನಾಲ್ಟಿ ಹೊಡೆಯುವ ಜಾಗದಲ್ಲಿ ಒಂದು ದಿಬ್ಬ.
ಅದಕ್ಕೆ ಬಡಿದ ಚೆಂಡು ಯಾವ ಕಡೆ ನೆಗೆಯುತ್ತದೆಂದು
ದೇವರಿಗೆ ಗೊತ್ತಿಲ್ಲ, ನನ್ನ ಹುಡುಗರಿಗೆ ಗೊತ್ತು.

"ಈ ವರ್ಷ ಯಾರ್ಯಾರಿದ್ದಾರೆ?"
ಕಡೂರಿನವರದು ಫೀಜು ಮಾಫಿ, ಎರಡು ಜೊತೆ ಶೂ.
ತರೀಕೆರೆಯದು ಹಾಸ್ಟೆಲ್ಲು, ದಿನಕ್ಕೊಂದು ಮೊಟ್ಟೆ.
ಬುಲೆಟ್ಟಿನವರು ಮಾತಾಡಲಿಲ್ಲ,
ಮೊಬೈಲಿನಲ್ಲಿ ಜಿಲ್ಲಾ ಕಪ್ಪಿನ ಫೋಟೋ ತೋರಿಸಿದರು.
ಕಪ್ಪು ಎತ್ತಿ ಹಿಡಿದ ಎಂಟು ಕೈಯಲ್ಲಿ
ನಾಲ್ಕು ನನ್ನವು.

ತಿಪ್ಪೇಶನ ಎಡಗಾಲಿಗೆ ಮೂವರೂ ಕೂಗಿದರು.
ಅವನಪ್ಪ ಗ್ಯಾಂಗ್‌ಮನ್,
ಹಳಿಯ ಬೋಲ್ಟು ಬಿಗಿದು ಬಂದ ಕೈಯಲ್ಲೇ ಬೆರಳು ಮಡಚಿ
"ವಾರಕ್ಕೆ ಏಳಾ? ಭಾನುವಾರಾನೂ ಸೇರಿ?" ಅಂದ.
ತರೀಕೆರೆ ಗೆದ್ದಿತು.
ಜಬಿವುಲ್ಲಾ ಗೋಲ್‌ಕೀಪರು. ಅಣ್ಣನ ಪಂಕ್ಚರ್ ಅಂಗಡಿಯಲ್ಲಿ
ಅಟ್ಟದಿಂದ ಎಸೆದ ಟ್ಯೂಬು ಹಿಡಿದು ಹಿಡಿದು ಕಲಿತವನು.
ಗ್ಲೌಸು ಕೊಡಿಸುತ್ತಾರೆಂದು ಚಿಕ್ಕಮಗಳೂರಿಗೆ ಹೋದ.
ಕಡೂರಿನವರು ಉಳಿದವರಲ್ಲಿ ಉದ್ದನೆಯವರಿಬ್ಬರನ್ನು ಆರಿಸಿದರು,
ಉದ್ದವೂ ಒಂದು ವಿದ್ಯೆ ಎಂಬಂತೆ.

ಯಾರೂ ಕೇಳದವನು ಮರುಳಸಿದ್ಧ.
ಗೋಲು ಹೊಡೆಯುವ ಕಾಲಲ್ಲ ಅವನದು.
ನನ್ನ ರಿಜಿಸ್ಟರಿನಲ್ಲಿ ಮೂರು ವರ್ಷ
ಅವನ ಹೆಸರಿನ ಮುಂದೆ ಸೊನ್ನೆ, ಸೊನ್ನೆ, ಒಂದು.
ಆ ಒಂದೂ ನಮ್ಮದೇ ಕಂಬದೊಳಕ್ಕೆ.
ತಿಪ್ಪೇಶನ ಎಡಗಾಲಿಗೆ ಬರುವ ಮೊದಲು
ಚೆಂಡು ಎಲ್ಲಿತ್ತು, ಯಾರ ಹತ್ತಿರ ಇತ್ತು
ಅಂತ ಒಬ್ಬರಾದರೂ ಕೇಳಬೇಡವೇ?
ನಾನಾದರೂ ಹೇಳಬೇಕಿತ್ತು. ಹೇಳಿದೆ,
ಬುಲೆಟ್ಟು ಸ್ಟಾರ್ಟಾದ ಮೇಲೆ.
"ಏನಂದ್ರಿ?"
"ಏನಿಲ್ಲ, ನಿಧಾನಕ್ಕೆ ಹೋಗಿ. ಗೇಟು ಹಾಕಿರ್ತಾರೆ."

ಜೂನಿನಲ್ಲಿ ಅವನೇ ಕಡೂರಿಗೆ ಹೋದ,
ಶೂ ಇಲ್ಲ, ಮಾಫಿ ಇಲ್ಲ, ಪೂರಾ ಫೀಜು ಕಟ್ಟಿ.
ಪ್ರ್ಯಾಕ್ಟೀಸಿನ ಗೆರೆಯ ಹೊರಗೆ ಹತ್ತು ದಿನ ನಿಂತು
ಹೊರಬಿದ್ದ ಚೆಂಡುಗಳನ್ನು ಒದ್ದು ಕೊಟ್ಟನಂತೆ,
ಒಂದೊಂದೂ ಆಟಗಾರನ ಕಾಲ ಬುಡಕ್ಕೇ.
ಹನ್ನೊಂದನೆಯ ದಿನ ಒಳಗೆ ಕರೆದರಂತೆ.

ಅಕ್ಟೋಬರಿನಲ್ಲಿ ಫೈನಲ್ಲು.
ಬುಲೆಟ್ಟಿನವರು ಸೆಮಿಯಲ್ಲೇ ಸೋತು
ನನ್ನ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು.
ಕಡೂರಿನ ಕೆಂಪು ಬನಿಯನ್ನಿನಲ್ಲಿ ನನ್ನವರು ಮೂವರು,
ತರೀಕೆರೆಯ ನೀಲಿಯಲ್ಲಿ ನಾಲ್ವರು.
ತಿಪ್ಪೇಶನ ಕಾಲಿಗೆ ಚೆಂಡು ಹೋದಾಗೆಲ್ಲ
ಮರುಳಸಿದ್ಧ ಆಗಲೇ ಅಲ್ಲಿರುತ್ತಿದ್ದ.
ಮೂರು ವರ್ಷ ತಾನೇ ಬಡಿಸಿದ ಎಲೆ,
ಯಾವ ಕಡೆ ಕೈ ಚಾಚುತ್ತಾನೆಂದು ಗೊತ್ತಿಲ್ಲವೇ?
"ಯಾರ್ರೀ ಆ ಕುಳ್ಳ?" ಎಂದರು ಬುಲೆಟ್ಟಿನವರು.
ಸೊನ್ನೆ ಸೊನ್ನೆ. ಎಂಬತ್ತನೆಯ ನಿಮಿಷ.

ಆಗ ನನ್ನ ಬಾಯಿ ತಡೆಯಲಿಲ್ಲ.
ಇಪ್ಪತ್ತೆರಡು ವರ್ಷದ ಚಟ,
"ಲೇ, ಎಡಕ್ಕೋ!" ಅಂದುಬಿಟ್ಟೆ.

ಏಳು ಜನ ತಿರುಗಿದರು.
ಮೂರು ಕೆಂಪು, ನಾಲ್ಕು ನೀಲಿ,
ಒಟ್ಟಿಗೆ, ಎಡಕ್ಕೆ,
ಬಾಗಿಲಿಗೆ ಬಂದ ಅಪ್ಪ ಕೂಗಿದ ಹಾಗೆ.
ಚೆಂಡು ಯಾರಿಗೂ ಸಿಗದೆ ನಡುವೆ ಹಾದು
ಗೆರೆ ದಾಟಿ, ಉರುಳಿ ಉರುಳಿ
ನನ್ನ ಹಳೆಯ ಚಪ್ಪಲಿಗೆ ತಗುಲಿ ನಿಂತಿತು.

ಲೈನ್ಸ್‌ಮನ್ ಬಾವುಟ ಎತ್ತಿದವನು ಯಾವ ಕಡೆಗೆಂದು ತೋಚದೆ
ನನ್ನ ಮುಖ ನೋಡಿದ.
ಮರುಳಸಿದ್ಧ ಕೈ ಚಾಚಿದ.
ತಿಪ್ಪೇಶನೂ ಚಾಚಿದ.
ಎತ್ತಿ ಬಗಲಲ್ಲಿಟ್ಟುಕೊಂಡೆ.
ಬಿಸಿಲಿಗೋ ಒದೆತಕ್ಕೋ
ಚೆಂಡು ಬೆಚ್ಚಗಿತ್ತು.