ಇಪ್ಪತ್ತೆಂಟರ ಹಿಂದೆ

ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದೆ.
ಹತ್ತು ಪಾಯಿಂಟ್ ಎರಡು ಎಂಟು.
‘ಏನಮ್ಮಾ, ಇದು ಹಾಲೋ ಬೆಳ್ಳಿಯೋ?’
ಸಾವಂದಯ್ಯ ಮೇಷ್ಟ್ರು ಕೇಳಿದ್ದೇ ತಡ
ಕೆರಗೋಡು ಹೈಸ್ಕೂಲಿನ ಬೆಂಚು ಬೆಂಚೂ ನಕ್ಕಿತು.

ಸಂಜೆ, ಡೈರಿ.
ಅಪ್ಪ ಲೆಡ್ಜರು ಬರೆಯುವಾಗ ಅಳತೆ ನನ್ನದು.
ಚಿಕ್ಕತಾಯಮ್ಮನ ಹಾಲನ್ನು ಜಾರಿಗೆ ಸುರಿದು
ಲ್ಯಾಕ್ಟೋಮೀಟರ್ ಇಳಿಬಿಟ್ಟೆ.
ಮುಳುಗಿತು, ಎದ್ದಿತು, ತೂಗಾಡಿ ನಿಂತಿತು.
‘ಇಪ್ಪತ್ತೆಂಟು,’ ಕೂಗಿದೆ,
ಎರಡು ವರ್ಷದಿಂದ ದಿನವೂ ಕೂಗುವಂತೆ.

ಆಗ ಕಂಡವು ಅದರ ಹಿಂದೆ
ಒಂದು, ಚುಕ್ಕಿ, ಸೊನ್ನೆ;
ಯಾರೂ ಹೆಸರಿಡಿದು ಕರೆಯದೆ
ಸಾಲಿನಲ್ಲಿ ಸುಮ್ಮನೆ ನಿಂತಿದ್ದವು.

ಕೈಯೆಲ್ಲ ಹಾಲು. ಮನಸ್ಸಲ್ಲೇ
ಬೆಳಗಿನ ಚುಕ್ಕಿಯನ್ನು ಎತ್ತಿ
ಒಂದು ಮನೆ ಎಡಕ್ಕಿಟ್ಟೆ.
ಬೆಳ್ಳಿ ಕರಗಿ ಹಾಲಾಯಿತು.

ಚಿಕ್ಕತಾಯಮ್ಮ ಗಾಬರಿ:
‘ಯಾಕವ್ವಾ ನಗ್ತಿದ್ದೀಯೆ?
ನೀರ್ ಹಾಕಿಲ್ಲ ಕಣವ್ವಾ, ದ್ಯಾವ್ರಾಣೆಗೂ!’