ಸಿಲ್ಕಿಗೊಂದು ಪ್ರಾಸ

ಶುಕ್ರವಾರ ಒಂಬತ್ತನೇ ‘ಬಿ’ ಕ್ಲಾಸಿನಲ್ಲಿ
ಬೋರ್ಡಿನ ಮೇಲೆ ಬರೆದೆ ಒಂದೇ ಪದ: ಸಿಲ್ಕ್.
‘ಪ್ರಾಸ ಹುಡುಕಿ ತನ್ನಿ, ಐದು.
ಪೂರ್ತಿ ಕೂಡಿದರೆ ಒಂದು ಮಾರ್ಕು,
ಹತ್ತಿರ ಹತ್ತಿರ ಬಂದರೆ ಅರ್ಧ.’
ಶಿಡ್ಲಘಟ್ಟದಲ್ಲಿ ಇದಕ್ಕಿಂತ ಸಲೀಸಾದ ಪದ
ಇನ್ಯಾವುದಿದ್ದೀತು ಅಂದುಕೊಂಡಿದ್ದೆ.

‘ಮಿಲ್ಕ್!’ ಅಂದುಬಿಟ್ಟ ಹಿಂದಿನ ಬೆಂಚಿನ
ಪಿಳ್ಳಾಂಜಿನಪ್ಪನ ಮೊಮ್ಮಗ,
ಡೇರಿಗೆ ಹಾಲು ಹಾಕಿ ಸ್ಕೂಲಿಗೆ ಬರುವವನು,
ಅಂಗಿಯ ತೋಳಿಗಿನ್ನೂ ಹಿಂಡಿಯ ವಾಸನೆ.
ಆಮೇಲೆ ಕ್ಲಾಸು ಗಪ್‌ಚಿಪ್.
ಫ್ಯಾನು ಮಾತ್ರ ಸುತ್ತುತ್ತಿತ್ತು,
ನೂಲಿಲ್ಲದ ರಾಟೆಯ ಹಾಗೆ.

ಮನೆಗೆ ಹೋಗಿ ನಾನೇ ಡಿಕ್ಷನರಿ ತೆಗೆದೆ.
ಇಲ್ಕ್ ಸಿಕ್ಕಿತು. ಅದೇ ಪೈಕಿಯವರು ಎಂದರ್ಥ.
ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದರೂ
ಒಮ್ಮೆಯೂ ನನ್ನ ಬಾಯಿಗೆ ಬಂದದ್ದಿಲ್ಲ.
ಬಿಲ್ಕ್ ಸಿಕ್ಕಿತು. ಕೊಡಬೇಕಾದ್ದು ಕೊಡದೆ ಟೋಪಿ ಹಾಕುವುದು.
ಗೂಡಿನ ಮಾರ್ಕೆಟ್ಟಿನಲ್ಲಿ ಆ ಕೆಲಸಕ್ಕೆ
ಬೇರೆ ಹೆಸರುಗಳಿವೆ, ಒಂದೂ ಪುಸ್ತಕಕ್ಕೆ ಹತ್ತಿಲ್ಲ.
ಅಲ್ಲಿಗೆ ಮೂರು.
ಇಷ್ಟು ನುಣುಪಾದ ಪದಕ್ಕೆ
ಅದರ ಊರಿನಲ್ಲೇ ನೆಂಟರಿಲ್ಲ.
ಕೇಳಿದ್ದು ಐದು. ಕೇಳಿದವಳು ನಾನೇ.

ಸೋಮವಾರ ಶಾಯಿಸ್ತಾಳ ನೋಟುಬುಕ್ಕು:
ಹಾಳೆಯ ಅಂಚು ಉಬ್ಬಿದೆ, ಬಿಸಿನೀರು ಸಿಡಿದ ಗುರುತು.
ಒಂದು, ಮಿಲ್ಕ್. ಸರಿ.
ಎರಡು, ಬಿಲ್ಕುಲ್.
‘ಇದು ಇಂಗ್ಲಿಷಲ್ಲ ಕಣೇ.’
‘ಗೊತ್ತು ಮಿಸ್. ನಿಂಗೊಂದು ಗೊತ್ತಾ ಅಂತ ಅಮ್ಮೀನ ಕೇಳ್ದೆ.
ಬಿಲ್ಕುಲ್ ನೈ ಅಂದ್ರು.
ಅದರೊಳಗೇ ಇತ್ತು.’

ಮೂರು, ಸಿಲುಕು.
ಕೆಂಪು ಪೆನ್ನು ಅಲ್ಲೇ ನಿಂತಿತು.
ಸಿಲ್ಕು. ಸಿಲುಕು.
ನಡುವೆ ಇರುವುದು ಒಂದು ಕೊಂಬು, ಅರೆ ಉಸಿರು;
ಒತ್ತಕ್ಷರ ಬಿಡಿಸಿದ್ದೇ ತಡ
ಒಳಗಿನ ಹುಳ ಕಾಣುತ್ತದೆ.

ನಾಲ್ಕು, ಐದು: ಅಳುಕು, ಮೆಲುಕು.
‘ಇವು ಪೂರ್ತಿ ಕೂಡಲ್ಲ’ ಅಂದೆ, ಏನೋ ಒಂದು ಅನ್ನಬೇಕಲ್ಲ.
‘ಡಬಲ್ ಗೂಡು ಇದ್ದಂಗೆ ಮಿಸ್.
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿರ್ತವೆ.
ಎಳೆಗೆ ಎಳೆ ಹೆಣೆದು ಸರಾಗ ಬಿಚ್ಚಲ್ಲ,
ಅಬ್ಬಾ ಬೇರೆ ಬುಟ್ಟಿಗೆ ಹಾಕ್ತಾರೆ.
ರೇಟು ಕಮ್ಮಿ. ಬಿಸಾಕಲ್ಲ ಆದ್ರೆ.
ಅದೂ ರೇಷ್ಮೇನೇ.’

ಸಂಜೆ ಅವಳ ಬೀದಿಯಲ್ಲೇ ನಡೆದು ಬಂದೆ, ಬೇಕೆಂತಲೇ.
ತೆರೆದ ಬಾಗಿಲಲ್ಲಿ ನಸೀಮಾ,
ಕುದಿನೀರಿನ ಬೋಗುಣಿಯ ಮುಂದೆ
ತುದಿ ಹುಡುಕುತ್ತಿದ್ದಳು.
ಬ್ರಷ್ಷಿಗೆ ಮೊದಲು ಬರುವುದು ಬರೀ ಸಿಕ್ಕು;
ಎಳೆದು ಎಸೆದು, ಎಳೆದು ಎಸೆದು,
ಒಂದು ಹೊತ್ತಿಗೆ ನಿಜವಾದ ಎಳೆ
ಬೆರಳಿಗೆ ಬಂದು ಓಡತೊಡಗುತ್ತದೆ.
ಬೆರಳೋ, ನೆನೆದು ಬಿಳಿಚಿ ನಿರಿಗೆಗಟ್ಟಿವೆ.
ಇಂಗ್ಲಿಷಿನವರು ಪ್ರಾಸವನ್ನು ಬಾಲದಲ್ಲಿ ಹುಡುಕುತ್ತಾರೆ.
ನಮ್ಮ ಹಳಬರು ಸಾಲಿನ ಎರಡನೇ ಅಕ್ಷರದಲ್ಲಿ ಕಟ್ಟಿದರು.
ಇವಳಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ,
ಬೆರಳು ಹೇಳಿದ ಕಡೆ ತುದಿ.

ಮಾರ್ಕು ಹಾಕಲು ಕೂತೆ.
ಒಂದು ಪೂರ್ತಿ, ನಾಲ್ಕು ಅರ್ಧ: ಐದಕ್ಕೆ ಮೂರು.
ಡಿಕ್ಷನರಿ ಹಿಡಿದ ನನಗೂ ಮೂರೇ.

ಮರುದಿನ ಪುಸ್ತಕ ವಾಪಸು ಕೊಟ್ಟಾಗ
ಶಾಯಿಸ್ತಾ ಲೆಕ್ಕ ನೋಡಿ ಅಂದಳು:
‘ನಮ್ಮನೇಲಿ ಯಾರೂ ಸಿಲ್ಕ್ ಅನ್ನಲ್ಲ ಮಿಸ್,
ಅದು ಅಂಗಡಿ ಬೋರ್ಡಿನ ಮಾತು.
ನಾವು ನೂಲು ಅಂತೀವಿ. ಅದನ್ನ ಕೊಟ್ಟಿದ್ರೆ
ಹಾಳೆ ತುಂಬಿಸ್ತಿದ್ದೆ.’

‘ಹಾಲು!’ ಅಂದ ತಕ್ಷಣ ಹಿಂದಿನ ಬೆಂಚಿನವನು,
ಅವನ ಹತ್ತಿರ ಇರುವುದು ಅದೊಂದೇ, ಎರಡು ಭಾಷೆಗೂ ಸಾಕಾಯಿತು.
ಸಾಲು, ಪಾಲು, ಸೋಲು, ಕಾಲು
ಎಂದು ಕ್ಲಾಸಿಗೆ ಕ್ಲಾಸೇ ಎದ್ದಿತು,
ಬೆಲ್ಲು ಹೊಡೆದದ್ದೂ ಕೇಳಿಸಲಿಲ್ಲ.
ಆ ಗಲಾಟೆಯ ಕೆಳಗೆ ಯಾರೋ ಮೆಲ್ಲಗೆ
‘ಕೂಲಿ’ ಅಂದರು.

ಅರ್ಧ ಮಾರ್ಕು.
ಯಾರೆಂದು ಗೊತ್ತಾಗಲಿಲ್ಲ.